ಮನೆಯ ಡೆಸ್ಕ್‌ಟಾಪ್‌ಗೆ ಇಂಟರ್ನೆಟ್ ಬರುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ 10 ಅಥವಾ 11 ಇರುವ ಡೆಸ್ಕ್‌ಟಾಪ್, ಫೈಬರ್ ಬ್ರಾಡ್‌ಬ್ಯಾಂಡ್ ಸಂಪರ್ಕ ಇರುವ ಮನೆ, ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇವೆ. ಕಮಾಂಡ್‌ಗಳು ಇಲ್ಲಿ ಕನ್ನಡ ಲಿಪಿಯಲ್ಲಿವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ: ಸಂಪರ್ಕ ಎಲ್ಲಿ ಕಡಿದಿದೆ ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮೊದಲು ಕೆಟ್ಟದ್ದು ಒಂದೇ ಆಗಿದ್ದರೂ ಸರಿಮಾಡಲು ಹೋಗಿ ಇನ್ನೆರಡನ್ನು ಕೆಡಿಸಿಕೊಂಡರೆ, ಮೂಲ ದೋಷ ಯಾವುದೆಂದು ಹುಡುಕುವುದೇ ಕಷ್ಟವಾಗುತ್ತದೆ.

ಎಲ್ಲಕ್ಕಿಂತ ಮೊದಲು ಏನು ನೋಡಬೇಕು?

ಫೋನ್ ತೆಗೆದುಕೊಳ್ಳಿ. ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ, ಈಚೆಗೆ ನೋಡಿರದ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಡೇಟಾ ಆಫ್ ಮಾಡದಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ. ವೈಫೈನಲ್ಲಿ ನೆಟ್ ಇಲ್ಲದಿದ್ದರೂ ಫೋನ್ ತಾನಾಗಿಯೇ ಸಿಮ್ ಕಡೆಗೆ ತಿರುಗಿಕೊಂಡು ಪುಟ ತೋರಿಸಿಬಿಡುತ್ತದೆ.

ಫೋನಿನಲ್ಲೂ ಬರದಿದ್ದರೆ ತಪ್ಪು ಕಂಪ್ಯೂಟರಿನದಲ್ಲ. ರೌಟರ್, ಫೈಬರ್ ಅಥವಾ ಕಂಪನಿಯ ಕಡೆ ನೋಡಬೇಕು. ಫೋನಿನಲ್ಲಿ ಬಂದು ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಬರದಿದ್ದರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ, ಹುಡುಕಾಟ ಕೇಬಲ್‌ನಿಂದ ಈಚೆಗೆ. ಮುಂದಿನ ಎಲ್ಲ ಉತ್ತರಗಳೂ ಈ ಎರಡು ದಾರಿಗಳಲ್ಲಿ ಒಂದಕ್ಕೆ ಸೇರಿವೆ.

ಫೋನಿನಲ್ಲೂ ಬರುತ್ತಿಲ್ಲ. ರೌಟರ್‌ನ ಯಾವ ದೀಪ ನೋಡಬೇಕು?

ಗೋಡೆಯಿಂದ ಬರುವ ತೆಳ್ಳಗಿನ ಫೈಬರ್ ತಂತಿ ಸೇರುವ ಪೆಟ್ಟಿಗೆಗೆ ಓಎನ್‌ಟಿ ಎನ್ನುತ್ತಾರೆ. ಹಲವು ಮನೆಗಳಲ್ಲಿ ಅದೇ ವೈಫೈ ರೌಟರ್ ಕೂಡ. ಅದರಲ್ಲಿ ಪಾನ್ (ಪಿ, ಓ, ಎನ್), ಲಾಸ್ (ಎಲ್, ಓ, ಎಸ್) ಎಂಬ ಎರಡು ದೀಪಗಳು ಮುಖ್ಯ. ಪಾನ್ ಹಸಿರು ಕದಲದೆ ಉರಿಯುತ್ತಿದ್ದರೆ ಕಂಪನಿಯ ಉಪಕರಣದ ಜೊತೆ ಸಂಪರ್ಕ ಇದೆ. ಅದು ಮಿನುಗುತ್ತಲೇ ಇದ್ದರೆ ಬೆಳಕು ತಲುಪುತ್ತಿದೆ, ಆದರೆ ನೋಂದಣಿ ಆಗುತ್ತಿಲ್ಲ. ಲಾಸ್ ಕೆಂಪಗೆ ಮಿನುಗಿದರೆ ಬೆಳಕೇ ಬರುತ್ತಿಲ್ಲ: ತಂತಿ ತುಂಡಾಗಿದೆ, ಮಡಿಚಿದೆ, ಇಲ್ಲವೇ ಕನೆಕ್ಟರ್ ಸಡಿಲವಾಗಿದೆ.

ಕೆಂಪು ದೀಪ ಕಂಡಾಗ ನೀವು ಮಾಡಬಹುದಾದದ್ದು ಕಡಿಮೆ, ಆದರೆ ಮಾಡಲೇಬೇಕು. ಮೇಜಿನ ಹಿಂದೆ, ಬೀರುವಿನ ಹಿಂದೆ ತಂತಿ ಎಲ್ಲಾದರೂ ಚೂಪಾಗಿ ಮಡಿಚಿದೆಯೇ ನೋಡಿ. ಫೈಬರ್ ಒಳಗಿರುವುದು ಗಾಜಿನ ಎಳೆ. ಅದನ್ನು ಸುತ್ತಿಡುವಾಗ ಸುರುಳಿ ಕನಿಷ್ಠ ಒಂದು ಟೀ ಕಪ್ಪಿನ ಬಾಯಿಯಷ್ಟಾದರೂ ಅಗಲ ಇರಲಿ. ಅದಕ್ಕಿಂತ ಬಿಗಿಯಾದರೆ ಎಳೆ ಮುರಿಯದಿದ್ದರೂ ಬೆಳಕು ಬಾಗಿನಲ್ಲೇ ಸೋರಿಹೋಗುತ್ತದೆ. ಹಸಿರು ಅಥವಾ ನೀಲಿ ಕನೆಕ್ಟರ್ ಕ್ಲಿಕ್ ಎನ್ನುವ ತನಕ ಒಳಗೆ ಕೂತಿದೆಯೇ ಒತ್ತಿ ನೋಡಿ. ಅದನ್ನು ಬಿಚ್ಚಿ ತುದಿಗೆ ಬೆರಳು ತಾಗಿಸಬೇಡಿ, ಎಣ್ಣೆಯಂಶ ಅಂಟಿದರೂ ಸಿಗ್ನಲ್ ಇಳಿಯುತ್ತದೆ. ಕಣ್ಣಿಟ್ಟು ತುದಿಯೊಳಗೆ ಇಣುಕುವುದಂತೂ ಬೇಡವೇ ಬೇಡ: ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಕಾಣುವುದಿಲ್ಲ ಎಂದ ಮಾತ್ರಕ್ಕೆ ಇಲ್ಲ ಎಂದಲ್ಲ. ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡಿಸಿ ಹೇಳಿ.

ಇಷ್ಟಾದರೂ ಕೆಂಪು ಹೋಗದಿದ್ದರೆ ಕಂಬದಿಂದ ಮನೆಗೆ ಬರುವ ತಂತಿಗೆ ಮರದ ಕೊಂಬೆ ಬಿದ್ದಿರಬಹುದು, ಎತ್ತರದ ಲಾರಿ ತಗುಲಿರಬಹುದು, ಇಲಿ ಕಡಿದಿರಬಹುದು. ದೂರು ಕೊಡಿ.

ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಅದರಿಂದ ನಿಜಕ್ಕೂ ಉಪಯೋಗವಿದೆಯೇ?

ಇದೆ, ಆದರೆ ಸರಿಯಾದ ಕ್ರಮದಲ್ಲಿ. ಓಎನ್‌ಟಿ ಮತ್ತು ರೌಟರ್ ಎರಡನ್ನೂ ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಡಿ. ಮೊದಲು ಓಎನ್‌ಟಿ ಆನ್ ಮಾಡಿ, ಪಾನ್ ದೀಪ ಸ್ಥಿರವಾಗುವ ತನಕ ಕಾಯಿರಿ. ಆಮೇಲೆ ರೌಟರ್, ಕೊನೆಗೆ ಕಂಪ್ಯೂಟರ್.

ಕಂಪ್ಯೂಟರ್ ವಿಷಯದಲ್ಲಿ ಹಲವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ 'ಶಟ್ ಡೌನ್' ಒತ್ತಿದಾಗ ವಿಂಡೋಸ್‌ನ ಒಳಭಾಗವೂ ಡ್ರೈವರ್‌ಗಳೂ (ಬಿಡಿಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಪೂರ್ತಿ ಮುಚ್ಚುವುದಿಲ್ಲ. ಅವುಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೆಯೇ ಎದ್ದು ಬರುತ್ತದೆ. ಹಾಗಾಗಿ ಸಿಕ್ಕಿಹಾಕಿಕೊಂಡ ಡ್ರೈವರ್ ಬಿಡಿಸಲು 'ರೀಸ್ಟಾರ್ಟ್' ಒತ್ತಬೇಕು. ಅದಕ್ಕೂ ಜಗ್ಗದಿದ್ದರೆ ಶಟ್ ಡೌನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ. ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್‌ನಿಂದ (ಒಳಗೆ ಕರೆಂಟ್ ಹಂಚುವ ಪೆಟ್ಟಿಗೆಯಿಂದ) 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಕರೆಂಟ್ ಮದರ್‌ಬೋರ್ಡ್‌ಗೆ ಹರಿಯುತ್ತಿರುತ್ತದೆ. ಲ್ಯಾನ್ ಚಿಪ್ ಅದರಲ್ಲೇ ಜೀವ ಹಿಡಿದಿರುವುದರಿಂದ, ಅದು ಗೊಂದಲಕ್ಕೆ ಬಿದ್ದರೆ ಪೂರ್ತಿ ಕರೆಂಟ್ ತೆಗೆಯದೆ ಸರಿಹೋಗುವುದಿಲ್ಲ.

ರೌಟರ್ ಹಿಂದಿನ ಸಣ್ಣ ತೂತಿನಲ್ಲಿ ರೀಸೆಟ್ ಗುಂಡಿ ಇದೆ. ಒತ್ತಲೇ?

ದಯವಿಟ್ಟು ಒತ್ತಬೇಡಿ. ಅದು ಆಫ್-ಆನ್ ಅಲ್ಲ. ಪಿನ್ನಿನಿಂದ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ರೌಟರ್ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ನಿಮ್ಮ ವೈಫೈ ಹೆಸರು, ಪಾಸ್‌ವರ್ಡ್ ಹೋಗುವುದು ಸಣ್ಣ ತೊಂದರೆ. ಬಿಎಸ್‌ಎನ್‌ಎಲ್ ಫೈಬರ್‌ನಂತೆ ಪಿಪಿಪಿಓಇ (ರೌಟರ್ ಲಾಗಿನ್ ಆಗಿ ನೆಟ್ ಪಡೆಯುವ ಪದ್ಧತಿ) ಬಳಸುವ ಸಂಪರ್ಕಗಳಲ್ಲಿ ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲ ಅದರೊಳಗೇ ಇರುತ್ತವೆ. ಅವು ಅಳಿಸಿದ ಮೇಲೆ ತಂತ್ರಜ್ಞರು ಬಂದು ಮತ್ತೆ ತುಂಬುವ ತನಕ ಇಡೀ ಮನೆಗೆ ನೆಟ್ ಇಲ್ಲ. ಸಂಪರ್ಕ ಚೆನ್ನಾಗಿರುವ ದಿನವೇ ಈ ವಿವರಗಳನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಪಾನ್ ದೀಪ ಸರಿಯಾಗಿದೆ, ವೈಫೈ ಇದೆ, ಆದರೂ ಯಾರಿಗೂ ನೆಟ್ ಇಲ್ಲ.

ಪ್ಲಾನ್ ಅವಧಿ ಮುಗಿದಿದೆಯೇ ಎಂದು ಕಂಪನಿಯ ಆಪ್‌ನಲ್ಲಿ ನೋಡಿ. ಹಣ ಕಟ್ಟಿದ ಮೇಲೂ ಬರದಿದ್ದರೆ ಓಎನ್‌ಟಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ಹಳೆಯ, ತಡೆಹಿಡಿದ ಸೆಷನ್ ಮುಗಿದು ಹೊಸದು ಶುರುವಾಗಲಿ ಎಂದು.

ಫೋನಿನಲ್ಲಿ ಬರುತ್ತದೆ, ಲ್ಯಾನ್ ಕೇಬಲ್ ಹಾಕಿದ ಡೆಸ್ಕ್‌ಟಾಪ್‌ನಲ್ಲಿ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಸಿಪಿಯು ಪೆಟ್ಟಿಗೆಯ ಹಿಂದೆ ಕೇಬಲ್ ಸೇರುವ ಜಾಗದಲ್ಲಿ ಎರಡು ಪುಟ್ಟ ದೀಪಗಳಿವೆ. ಕಂಪ್ಯೂಟರ್ ಆನ್ ಇದ್ದು, ಕೇಬಲ್ ಹಾಕಿದ್ದರೆ ಒಂದಾದರೂ ಉರಿಯಬೇಕು, ಇನ್ನೊಂದು ಮಾಹಿತಿ ಹರಿದಾಗ ಮಿನುಗಬೇಕು. ಎರಡೂ ಉರಿಯದಿದ್ದರೆ ಸಾಫ್ಟ್‌ವೇರ್ ಕಡೆ ತಲೆ ಹಾಕುವ ಮೊದಲು ಕೇಬಲ್ ನೋಡಿ. ರೌಟರ್‌ನ ಬೇರೆ ಲ್ಯಾನ್ ಪೋರ್ಟ್‌ಗೆ ಹಾಕಿ, ಹಾಗೆಯೇ ಬೇರೆ ಕೇಬಲ್ ಹಾಕಿ ಪರೀಕ್ಷಿಸಿ. ರೌಟರ್‌ನಲ್ಲಿ ಬೇರೆ ಬಣ್ಣದ, ವ್ಯಾನ್ ಎಂದು ಬರೆದ ಪೋರ್ಟ್‌ಗೆ ಕಂಪ್ಯೂಟರ್ ಸೇರಿಸಿದ್ದರೂ ನೆಟ್ ಬರುವುದಿಲ್ಲ. ಮನೆ ಗುಡಿಸಿ ಒರೆಸುವಾಗ ಕೇಬಲ್ ಬಿಚ್ಚಿ ಮತ್ತೆ ಹಾಕಿದ ಮನೆಗಳಲ್ಲಿ ಇದು ಸಾಮಾನ್ಯ.

ಕೇಬಲ್ ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ ಅದು ನಿಧಾನವಾಗಿ ಹೊರಗೆ ಜಾರುತ್ತದೆ. ಟೇಪ್ ಸುತ್ತಿ ಕಾಲ ತಳ್ಳಬೇಡಿ, ಆರ್‌ಜೆ45 ಕನೆಕ್ಟರ್ ಹೊಸದು ಹಾಕಿಸಿ, ಖರ್ಚು ತೀರಾ ಕಡಿಮೆ. ಕ್ರಿಂಪಿಂಗ್ ಉಪಕರಣ ಇದ್ದರೆ ನೀವೇ ಹಾಕಬಹುದು. ಕೊಂಡಿ ಕೆಳಗೆ, ಚಿನ್ನದ ಬಣ್ಣದ ಪಿನ್ನುಗಳು ಮೇಲೆ ಬರುವಂತೆ, ತಂತಿ ತೂರುವ ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ನೀಲಿ ಜೋಡಿಯ ಎರಡು ಬದಿಗೆ ಹಸಿರು ಜೋಡಿ ಬಿಡಿಯಾಗಿ ಬರುತ್ತದೆ ಎಂಬುದನ್ನು ಗಮನಿಸಿ, ತಪ್ಪಾಗುವುದು ಅಲ್ಲೇ. ಒಂದು ಕೇಬಲ್‌ನ ಉದ್ದ 100 ಮೀಟರ್ ಮೀರಬಾರದು. ಮನೆಯೊಳಗೆ ಆ ಚಿಂತೆ ಇಲ್ಲ.

ಲ್ಯಾನ್ ದೀಪ ಉರಿಯುತ್ತಿದೆ, ಆದರೂ 'ನೋ ಇಂಟರ್ನೆಟ್' ಎನ್ನುತ್ತದೆ.

ಈಗ ಕಂಪ್ಯೂಟರಿಗೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಕ್ಕಿದೆಯೇ ನೋಡಬೇಕು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ತೆರೆದ ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ (ಐ, ಪಿ, ಸಿ, ಓ, ಎನ್, ಎಫ್, ಐ, ಜಿ) ಎಂದು ಕೊಡಿ. 'ಐಪಿವಿ4 ಅಡ್ರೆಸ್' ಎದುರಿನ ಸಂಖ್ಯೆ ಓದಿ.

192.168 ಎಂದು ಶುರುವಾಗಿದ್ದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿ, ರೌಟರ್ ವಿಳಾಸ ಕೊಟ್ಟಿದೆ. ಕೆಲವು ರೌಟರ್‌ಗಳು 10 ಎಂದು ಶುರುವಾಗುವ ವಿಳಾಸ ಕೊಡುವುದೂ ಉಂಟು. 169.254 ಎಂದು ಶುರುವಾಗಿದ್ದರೆ ರೌಟರ್‌ನಿಂದ ಉತ್ತರ ಬಾರದೆ ವಿಂಡೋಸ್ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ; ಅದರಿಂದ ಹೊರಗೆ ಹೋಗಲಾಗದು. ಆಗ ಐಪಿಕಾನ್ಫಿಗ್ /ರಿಲೀಸ್, ಆಮೇಲೆ ಐಪಿಕಾನ್ಫಿಗ್ /ರಿನ್ಯೂ ಕೊಡಿ. ಅದೇ 169.254 ಮರಳಿ ಬಂದರೆ ಕೇಬಲ್ ಅರ್ಧ ಕೆಟ್ಟಿದೆ, ಅಥವಾ ರೌಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ನಿಂತಿದೆ. ಫೋನಿಗೆ ವಿಳಾಸ ಸಿಗುತ್ತಿದ್ದರೆ ಕೇಬಲ್ ಮೇಲೆಯೇ ಅನುಮಾನ ಹೆಚ್ಚು.

ಇನ್ನೊಂದು ಬಗೆಯ ತೊಂದರೆ ಕಂಪನಿ ಬದಲಿಸಿದ ಮನೆಗಳಲ್ಲಿ ಕಾಣುತ್ತದೆ. ಹಿಂದೆ ಯಾರೋ ಕಂಪ್ಯೂಟರಿಗೆ 192.168.1.10ರಂಥ ವಿಳಾಸವನ್ನು ಕೈಯಿಂದ ತುಂಬಿರುತ್ತಾರೆ. ಹೊಸ ರೌಟರ್‌ನ ಲೆಕ್ಕ ಬೇರೆ, ಉದಾಹರಣೆಗೆ ಜಿಯೋ ಫೈಬರ್ ರೌಟರ್‌ನ ವಿಳಾಸ 192.168.29.1. ಎರಡಕ್ಕೂ ತಾಳೆಯಾಗುವುದಿಲ್ಲ. ವಿಂಡೋಸ್ ಕೀ ಮತ್ತು ಆರ್ ಒತ್ತಿ ಎನ್‌ಸಿಪಿಎ.ಸಿಪಿಎಲ್ ಎಂದು ಕೊಟ್ಟು, ಈಥರ್ನೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4 ಸಾಲನ್ನು ಎರಡು ಸಲ ಒತ್ತಿ, ವಿಳಾಸ ಮತ್ತು ಡಿಎನ್‌ಎಸ್ ಎರಡನ್ನೂ 'ಆಟೋಮ್ಯಾಟಿಕಲಿ' ಎಂದು ಬದಲಿಸಿ. ಎನ್‌ಸಿಪಿಎ.ಸಿಪಿಎಲ್ ಕೊಟ್ಟಾಗ ತೆರೆದ ಮೊದಲ ಕಿಟಕಿಯಲ್ಲಿ ಈಥರ್ನೆಟ್ ಚಿತ್ರ ಬೂದು ಬಣ್ಣದಲ್ಲಿದ್ದರೆ ಅದು ಡಿಸೇಬಲ್ ಆಗಿದೆ. ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿ.

ವಿಳಾಸ ಸರಿಯಾಗಿದೆ. ಮುಂದೆ?

ಅದೇ ಕಪ್ಪು ಕಿಟಕಿಯಲ್ಲಿ ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್; ಪಿ, ಐ, ಎನ್, ಜಿ) ಕೊಟ್ಟು ಹೆಜ್ಜೆ ಹೆಜ್ಜೆಯಾಗಿ ಹೊರಗೆ ಹೋಗಿ. ಮೊದಲು ರೌಟರ್: ಐಪಿಕಾನ್ಫಿಗ್‌ನಲ್ಲಿ 'ಡೀಫಾಲ್ಟ್ ಗೇಟ್‌ವೇ' ಎಂದು ಕಂಡ ಸಂಖ್ಯೆಯನ್ನು ಪಿಂಗ್ ಮುಂದೆ ಹಾಕಿ. 'ರಿಪ್ಲೈ ಫ್ರಮ್' ಬಂದರೆ ರೌಟರ್ ತನಕ ದಾರಿ ಸರಿ. ಎರಡನೆಯದು ಪಿಂಗ್ 8.8.8.8. ಇದಕ್ಕೆ ಉತ್ತರ ಬಂದರೆ ನೀವು ಆಗಲೇ ಇಂಟರ್ನೆಟ್‌ನಲ್ಲಿದ್ದೀರಿ! ಮೂರನೆಯದು ಪಿಂಗ್ ಮುಂದೆ ಯಾವುದಾದರೂ ವೆಬ್‌ಸೈಟ್ ಹೆಸರು. ಎರಡನೆಯದಕ್ಕೆ ಉತ್ತರ ಬಂದು ಮೂರನೆಯದಕ್ಕೆ 'ಕುಡ್ ನಾಟ್ ಫೈಂಡ್ ಹೋಸ್ಟ್' ಎಂದರೆ ತೊಂದರೆ ಡಿಎನ್‌ಎಸ್‌ನದು, ಅಂದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ವ್ಯವಸ್ಥೆಯದು. 'ಜನರಲ್ ಫೇಲ್ಯೂರ್' ಎಂದು ಬಂದರೆ ಕಂಪ್ಯೂಟರ್ ಒಳಗೇ ಏನೋ ತಡೆಯುತ್ತಿದೆ. ಆಂಟಿವೈರಸ್‌ನ ಫೈರ್‌ವಾಲ್, ಹಳೆಯ ವಿಪಿಎನ್ ಮೇಲೆ ಮೊದಲು ಕಣ್ಣಿಡಿ.

ಡಿಎನ್‌ಎಸ್ ತೊಂದರೆ ಎಂದು ಖಚಿತವಾಯಿತು. ಪರಿಹಾರ?

ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಡಿ. ಸಾಲದಿದ್ದರೆ ಮೇಲೆ ಹೇಳಿದ ವರ್ಷನ್ 4 ಕಿಟಕಿಯಲ್ಲಿ ಐಪಿ ವಿಳಾಸವನ್ನು ಆಟೋಮ್ಯಾಟಿಕ್ ಆಗಿಯೇ ಬಿಟ್ಟು, ಡಿಎನ್‌ಎಸ್ ಮಾತ್ರ 8.8.8.8 ಮತ್ತು 1.1.1.1 ಎಂದು ತುಂಬಿ. ಮೊದಲನೆಯದು ಗೂಗಲ್‌ನದು, ಎರಡನೆಯದು ಕ್ಲೌಡ್‌ಫ್ಲೇರ್‌ನದು, ಎರಡೂ ಉಚಿತ.

ಫೇಸ್‌ಬುಕ್, ಬ್ಯಾಂಕ್ ಎಲ್ಲ 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಎನ್ನುತ್ತವೆ. ವೈರಸ್ ಬಂದಿದೆಯೇ?

ಪರದೆಯ ಬಲ ಮೂಲೆಯ ಗಡಿಯಾರ ನೋಡಿ. ತಾರೀಖು ಎಷ್ಟೋ ವರ್ಷ ಹಿಂದಿನದಾಗಿದ್ದರೆ ಕಾರಣ ಸಿಕ್ಕಿತು. ಸುರಕ್ಷಿತ ವೆಬ್‌ಸೈಟ್‌ಗಳ ಪ್ರಮಾಣಪತ್ರಕ್ಕೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಕಂಪ್ಯೂಟರಿನ ತಾರೀಖು ಅವುಗಳ ನಡುವೆ ಇಲ್ಲದಿದ್ದರೆ ಬ್ರೌಸರ್ ಒಳಗೆ ಬಿಡುವುದಿಲ್ಲ.

ತಾರೀಖನ್ನು ಮೊದಲು ಕೈಯಿಂದ ಸರಿಪಡಿಸಿ, ಆಮೇಲೆ 'ಸಿಂಕ್ ನೌ' ಒತ್ತಿ. ವ್ಯತ್ಯಾಸ ತೀರಾ ದೊಡ್ಡದಿದ್ದರೆ ವಿಂಡೋಸ್ ತಾನಾಗಿ ಸರಿಪಡಿಸಲು ಒಪ್ಪುವುದಿಲ್ಲ. ಟೈಮ್ ಝೋನ್ ಯುಟಿಸಿ +05:30 ಇರಲಿ. ಗೋಡೆಯ ಸ್ವಿಚ್ ಆಫ್ ಮಾಡಿದಾಗಲೆಲ್ಲ ತಾರೀಖು ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಸೀಮಾಸ್ ಬ್ಯಾಟರಿ ಮುಗಿದಿದೆ. ಅದು ಸಿಆರ್2032 ಎಂಬ 3 ವೋಲ್ಟ್‌ನ ಬಿಲ್ಲೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪವರ್ ಕೇಬಲ್ ಕಿತ್ತು, ಪೆಟ್ಟಿಗೆಯ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಂಡು, ಬದಿಯ ಕೊಂಡಿ ಒತ್ತಿದರೆ ಹಳೆಯದು ಮೇಲೇಳುತ್ತದೆ. ಹಳೆಯದು ಕೂತಿದ್ದ ಹಾಗೆಯೇ ಹೊಸದನ್ನು ಕೂರಿಸಿ; ಬಹುತೇಕ ಬೋರ್ಡ್‌ಗಳಲ್ಲಿ ಪ್ಲಸ್ ಗುರುತು ಮೇಲೆ. ನೆಟ್ ಕೆಟ್ಟಿದೆ ಎಂದು ವಿಂಡೋಸನ್ನೇ ಅಳಿಸಿ ಹಾಕಿಸುವವರಿದ್ದಾರೆ, ಬೇಕಾಗಿದ್ದದ್ದು ಈ ಬಿಲ್ಲೆ ಮಾತ್ರ.

ತಾರೀಖು ಸರಿಯಿದ್ದೂ ಬ್ಯಾಂಕ್ ಸೈಟ್‌ನಲ್ಲಿ ಈ ಎಚ್ಚರಿಕೆ ಬಂದರೆ ಅದನ್ನು ದಾಟಿ ಮುಂದೆ ಹೋಗಬೇಡಿ.

ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ನೆಟ್ ಹೋಯಿತು.

ಲ್ಯಾನ್ ಡ್ರೈವರ್ ಇಲ್ಲ. ಸ್ಟಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಕೆಳಗೆ ರಿಯಲ್‌ಟೆಕ್ ಅಥವಾ ಇಂಟೆಲ್ ಹೆಸರು ಕಾಣಬೇಕು. ಅದರ ಬದಲು 'ಅದರ್ ಡಿವೈಸಸ್' ಕೆಳಗೆ ಹಳದಿ ಗುರುತಿನ 'ಈಥರ್ನೆಟ್ ಕಂಟ್ರೋಲರ್' ಕಂಡು, ಪ್ರಾಪರ್ಟೀಸ್‌ನಲ್ಲಿ ಕೋಡ್ 28 ಎಂದಿದ್ದರೆ ಡ್ರೈವರ್ ಹಾಕಿಲ್ಲ ಎಂದೇ ಅರ್ಥ. ಕೋಡ್ 22 ಎಂದರೆ ಡಿಸೇಬಲ್ ಆಗಿದೆ.

ಡ್ರೈವರ್ ಇಳಿಸಿಕೊಳ್ಳಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಬಿಡಿಸುವ ದಾರಿ ನಿಮ್ಮ ಆಂಡ್ರಾಯ್ಡ್ ಫೋನ್. ಡೇಟಾ ಕೇಬಲ್‌ನಿಂದ ಫೋನನ್ನು ಕಂಪ್ಯೂಟರಿಗೆ ಸೇರಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಬೇರೆ ಡ್ರೈವರ್ ಕೇಳದೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ನೆಟ್ ಬರುತ್ತದೆ. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್ ಆದರೆ ಟೆದರಿಂಗ್ ಆಯ್ಕೆ ಒತ್ತಲು ಬರುವುದೇ ಇಲ್ಲ. ಆಮೇಲೆ ಮದರ್‌ಬೋರ್ಡ್ ಮೇಲೆ ಅಚ್ಚಾಗಿರುವ ಮಾಡೆಲ್ ಹೆಸರು ನೋಡಿ, ತಯಾರಕರ ವೆಬ್‌ಸೈಟ್‌ನಿಂದಲೇ ಡ್ರೈವರ್ ಇಳಿಸಿಕೊಳ್ಳಿ. 'ಡ್ರೈವರ್ ಅಪ್‌ಡೇಟರ್' ಎಂದು ಜಾಹೀರಾತಿನಲ್ಲಿ ಬರುವ ಉಚಿತ ಸಾಫ್ಟ್‌ವೇರ್‌ಗಳ ಹತ್ತಿರವೂ ಹೋಗಬೇಡಿ. ಕೆಲಸ ಮುಗಿಯುವ ತನಕ ವಿಂಡೋಸ್ ಅಪ್‌ಡೇಟ್ ನಿಲ್ಲಿಸಿಡಿ, ಇಲ್ಲದಿದ್ದರೆ ದಿನದ ಡೇಟಾ ಅದಕ್ಕೇ ಖಾಲಿ.

ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ವೈಫೈ ಡಾಂಗಲ್ ಹಾಕಿದ್ದೇವೆ. ಸಿಗ್ನಲ್ ಬಂದು ಬಂದು ಹೋಗುತ್ತದೆ.

ಡಾಂಗಲ್ ಪೆಟ್ಟಿಗೆಯ ಹಿಂಭಾಗದಲ್ಲಿದ್ದರೆ ಒಂದು ಕಡೆ ತಗಡು, ಇನ್ನೊಂದು ಕಡೆ ಗೋಡೆ. ಅದರ ಜೊತೆಗೆ ಯುಎಸ್‌ಬಿ 3 ಪೋರ್ಟ್ ಮತ್ತು ಹಾರ್ಡ್ ಡಿಸ್ಕ್‌ಗಳಿಂದ ಹೊಮ್ಮುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ವೈಫೈಗೆ ನೇರವಾಗಿ ಅಡ್ಡಿ ಮಾಡುತ್ತದೆ. ಒಂದು ಮೀಟರ್‌ನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ಮೇಜಿನ ಮೇಲೆ ಬರುವಂತೆ ಮಾಡಿ. ವ್ಯತ್ಯಾಸ ತಕ್ಷಣ ಕಾಣುತ್ತದೆ.

ಫೋನಿಗೆ ಕಾಣುವ ವೈಫೈ ಹೆಸರು ಡೆಸ್ಕ್‌ಟಾಪ್‌ಗೆ ಕಾಣದಿದ್ದರೆ ಡಾಂಗಲ್ 2.4 ಮಾತ್ರ ಹಿಡಿಯುವಂಥದ್ದು, ಆ ಹೆಸರು 5 ಗಿಗಾಹರ್ಟ್ಸ್‌ನದು ಇರಬಹುದು. ಹೆಸರು ಕಂಡೂ ಸರಿಯಾದ ಪಾಸ್‌ವರ್ಡ್ ಒಪ್ಪದಿದ್ದರೆ ರೌಟರ್‌ನಲ್ಲಿ ವೈಫೈ ಭದ್ರತೆಯ ಹೊಸ ಬಗೆಯಾದ ಡಬ್ಲ್ಯುಪಿಎ3 ಮಾತ್ರ ಇಟ್ಟಿದ್ದಾರೆಯೇ ನೋಡಿ. ಹಳೆಯ ಡಾಂಗಲ್‌ಗಳಿಗೆ ಡಬ್ಲ್ಯುಪಿಎ2 ಬೇಕು. ಕೆಲವು ಡಾಂಗಲ್‌ಗಳು ಹಾಕಿದ ಕೂಡಲೇ ಸಿಡಿ ಡ್ರೈವ್‌ನಂತೆ ಕಾಣುತ್ತವೆ. ಡ್ರೈವರ್ ಅದರೊಳಗೇ ಇರುತ್ತದೆ, ತೆರೆದು ಇನ್‌ಸ್ಟಾಲ್ ಮಾಡಿ.

ನಮ್ಮ ಅಭಿಪ್ರಾಯ ಕೇಳಿದರೆ, ಡೆಸ್ಕ್‌ಟಾಪ್ ಜಾಗ ಬಿಟ್ಟು ಕದಲುವುದಿಲ್ಲ. ಸಾಧ್ಯವಿದ್ದಲ್ಲೆಲ್ಲ ಲ್ಯಾನ್ ಕೇಬಲ್ಲೇ ಎಳೆಸಿ.

ಪಿಂಗ್ ಎಲ್ಲ ಸರಿ, ಬ್ರೌಸರ್ ಮಾತ್ರ ತೆರೆಯುವುದಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರಲ್ಲಿ ಪ್ರಾಕ್ಸಿ (ನೆಟ್‌ಗೂ ಬ್ರೌಸರ್‌ಗೂ ನಡುವೆ ನಿಲ್ಲುವ ಸರ್ವರ್) ನೋಡಿ. 'ಯೂಸ್ ಎ ಪ್ರಾಕ್ಸಿ ಸರ್ವರ್' ಆನ್ ಇದ್ದರೆ ಆಫ್ ಮಾಡಿ. ಅದು ಮತ್ತೆ ಮತ್ತೆ ತಾನಾಗಿ ಆನ್ ಆಗುತ್ತಿದ್ದರೆ ಯಾವುದೋ ಕೆಟ್ಟ ಸಾಫ್ಟ್‌ವೇರ್ ಕೂತಿದೆ, ವಿಂಡೋಸ್ ಸೆಕ್ಯುರಿಟಿಯಿಂದ ಫುಲ್ ಸ್ಕ್ಯಾನ್ ಮಾಡಿಸಿ. ಅವಧಿ ಮುಗಿದ ಆಂಟಿವೈರಸ್ ಇದ್ದರೆ ಪೂರ್ತಿ ತೆಗೆದುಹಾಕಿ. ವಿಂಡೋಸ್‌ನ ಡಿಫೆಂಡರ್ ತಾನಾಗಿ ಕೆಲಸ ವಹಿಸಿಕೊಳ್ಳುತ್ತದೆ.

ನೆಟ್‌ವರ್ಕ್ ರೀಸೆಟ್ ಯಾವಾಗ ಮಾಡಬೇಕು?

ಮೇಲಿನದೆಲ್ಲ ಮುಗಿದ ಮೇಲೆ. ಮೊದಲು ಸಿಎಂಡಿಯನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದು ನೆಟ್‌ಶ್ ವಿನ್‌ಸಾಕ್ ರೀಸೆಟ್, ಆಮೇಲೆ ನೆಟ್‌ಶ್ ಇಂಟ್ ಐಪಿ ರೀಸೆಟ್ ಕೊಟ್ಟು ರೀಸ್ಟಾರ್ಟ್ ಮಾಡಿ. ನೆಟ್‌ಶ್ ಎಂದರೆ ಎನ್, ಇ, ಟಿ, ಎಸ್, ಎಚ್; ವಿನ್‌ಸಾಕ್ ಎಂದರೆ ಡಬ್ಲ್ಯು, ಐ, ಎನ್, ಎಸ್, ಓ, ಸಿ, ಕೆ; ಇಂಟ್ ಎಂದರೆ ಐ, ಎನ್, ಟಿ. ಆಗಲೂ ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ ನೆಟ್‌ವರ್ಕ್ ರೀಸೆಟ್. ಇದು ಉಳಿಸಿದ ವೈಫೈ ಪಾಸ್‌ವರ್ಡ್‌ಗಳನ್ನೂ ವಿಪಿಎನ್‌ಗಳನ್ನೂ ಅಳಿಸುತ್ತದೆ, ಹಾಗಾಗಿ ಪಾಸ್‌ವರ್ಡ್ ಮೊದಲೇ ಕೈಯಲ್ಲಿರಲಿ. ರೌಟರ್‌ನ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ, ಇದು ಕಂಪ್ಯೂಟರಿನೊಳಗಿನ ಕೆಲಸ ಮಾತ್ರ.

ಮಿಂಚು ಗುಡುಗಾದ ರಾತ್ರಿಯಿಂದ ಲ್ಯಾನ್ ಇಲ್ಲ. ಕಂಪ್ಯೂಟರ್ ಮಾತ್ರ ಚೆನ್ನಾಗಿ ಓಡುತ್ತಿದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ನಂತರ ಈ ದೂರು ಸಹಜ. ಗಾಜಿನ ಫೈಬರ್‌ನಲ್ಲಿ ವಿದ್ಯುತ್ ಹರಿಯದು. ಆದರೆ ಕರೆಂಟ್ ಲೈನಿನಿಂದ ಬಂದ ಏರುವೋಲ್ಟೇಜ್ ಅಡಾಪ್ಟರ್ ದಾಟಿ ರೌಟರ್‌ಗೂ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೂ ನುಗ್ಗುತ್ತದೆ. ಹೆಚ್ಚಾಗಿ ಮೊದಲು ಸುಡುವುದು ಎರಡೂ ಕಡೆಯ ಲ್ಯಾನ್ ಪೋರ್ಟ್. ಬೇರೆ ಕೇಬಲ್, ರೌಟರ್‌ನ ಬೇರೆ ಪೋರ್ಟ್‌ನಲ್ಲೂ ದೀಪ ಬಾರದೆ, ಡಿವೈಸ್ ಮ್ಯಾನೇಜರ್‌ನಲ್ಲಿ ರಿಯಲ್‌ಟೆಕ್ ಹೆಸರೇ ಮಾಯವಾಗಿದ್ದರೆ ಪೋರ್ಟ್ ಹೋದಂತೆಯೇ.

ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟ್‌ಗೆ ಕೂರುವ ಗಿಗಾಬಿಟ್ ಲ್ಯಾನ್ ಕಾರ್ಡ್, ಅಥವಾ ಯುಎಸ್‌ಬಿ 3ರಿಂದ ಲ್ಯಾನ್‌ಗೆ ಬದಲಿಸುವ ಅಡಾಪ್ಟರ್ ಸಾಕು. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಎರಡೂ ಸುಲಭವಾಗಿ ಸಿಗುತ್ತವೆ. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಹಳೆಯ ಆನ್‌ಬೋರ್ಡ್ ಲ್ಯಾನ್ ಡಿಸೇಬಲ್ ಮಾಡಿಡಿ. ಒಂದು ವಿಷಯ: ಕಂಪ್ಯೂಟರ್ ನೇರವಾಗಿ ಕೇಬಲ್ ಆಪರೇಟರ್ ಲೈನಿಗೆ ಸೇರಿರುವ ಮನೆಗಳಲ್ಲಿ ಕೆಲವರು ಹಳೆಯ ಕಾರ್ಡ್‌ನ ಮ್ಯಾಕ್ ವಿಳಾಸಕ್ಕೆ (ಪ್ರತಿ ಕಾರ್ಡ್‌ಗೂ ಇರುವ ಗುರುತು ಸಂಖ್ಯೆಗೆ) ಸಂಪರ್ಕ ಕಟ್ಟಿರುತ್ತಾರೆ. ಹೊಸ ಕಾರ್ಡ್ ಹಾಕಿದ ಮೇಲೆ ಐಪಿಕಾನ್ಫಿಗ್ /ಆಲ್ ಕೊಟ್ಟು, 'ಫಿಸಿಕಲ್ ಅಡ್ರೆಸ್' ಸಾಲನ್ನು ಅವರಿಗೆ ಓದಿ ಹೇಳಿ.

ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು, ಪ್ಲಗ್ ಕಿತ್ತು ಲ್ಯಾನ್ ಕೇಬಲ್ಲನ್ನೂ ಬಿಚ್ಚಿ. ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಸರ್ಜ್ ಪ್ರೊಟೆಕ್ಟರ್ ಹೆಚ್ಚಿನ ಪಾಲು ಹೆಸರಿಗಷ್ಟೇ.

ಕರೆಂಟ್ ಹೋಗಿ ಇನ್ವರ್ಟರ್ ಬಂದಾಗಲೆಲ್ಲ ನೆಟ್ ಎರಡು ಮೂರು ನಿಮಿಷ ಹೋಗುತ್ತದೆ.

ಇನ್ವರ್ಟರ್ ಕೈಬದಲಿಸುವ ಆ ಕ್ಷಣದಲ್ಲಿ ಓಎನ್‌ಟಿ ರೀಸ್ಟಾರ್ಟ್ ಆಗುತ್ತದೆ. ಇನ್ವರ್ಟರ್ ಹಿಂದಿನ ಸ್ವಿಚ್‌ ಯುಪಿಎಸ್ ಮೋಡ್‌ನಲ್ಲಿರಲಿ. ಇಲ್ಲವೇ ರೌಟರ್‌ಗೆಂದೇ ಇರುವ ಮಿನಿ ಯುಪಿಎಸ್ ತನ್ನಿ. ಕೊಳ್ಳುವ ಮೊದಲು ಅಡಾಪ್ಟರ್ ಮೇಲಿನ ಅಚ್ಚು ಓದಿ: ಹೆಚ್ಚಿನವು 12 ವೋಲ್ಟ್, ಕೆಲವು 9. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬೇಕು.

ವಿಂಡೋಸ್ 7 ಇದೆ. ನೆಟ್ ಇದೆ, ಸೈಟ್‌ಗಳು ತೆರೆಯುವುದಿಲ್ಲ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ಅದರಲ್ಲಿ ಓಡುವ ಕೊನೆಯ ಕ್ರೋಮ್ 109. ಹಳೆಯ ಬ್ರೌಸರ್‌ನಲ್ಲಿ ಹೊಸ ಸೈಟ್‌ಗಳು ತೆರೆಯದಿರುವುದುಂಟು. ಹಣದ ವ್ಯವಹಾರಕ್ಕೆ ಆ ಯಂತ್ರ ಬಳಸಬೇಡಿ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದರೆ ಅದರಿಂದಲೇ ನೆಟ್ ನಿಲ್ಲುವುದಿಲ್ಲ.

ಕಂಪನಿಗೆ ದೂರು ಕೊಡುವಾಗ ಏನು ಹೇಳಬೇಕು?

'ನೆಟ್ ಬರುತ್ತಿಲ್ಲ' ಎಂದಷ್ಟೇ ಹೇಳಿದರೆ ಅವರು ಆಫ್-ಆನ್‌ನಿಂದ ಶುರುಮಾಡುತ್ತಾರೆ. ಲಾಸ್ ಕೆಂಪಗಿದೆ, ಎಷ್ಟು ಗಂಟೆಯಿಂದ, ಪಾನ್ ಮಿನುಗುತ್ತಿದೆಯೋ ಆರಿದೆಯೋ, ಅಕ್ಕಪಕ್ಕದ ಮನೆಯಲ್ಲಿ ಅದೇ ಕಂಪನಿಯ ಸಂಪರ್ಕ ಇದೆಯೋ ಇಲ್ಲವೋ, ಇಷ್ಟು ಹೇಳಿ. ಪಾನ್ ಸ್ಥಿರವಿದ್ದೂ ನೆಟ್ ಇಲ್ಲದಿದ್ದರೆ ಪಿಂಗ್‌ನಲ್ಲಿ ಗೇಟ್‌ವೇ ಉತ್ತರಿಸುತ್ತದೆ, 8.8.8.8 ಉತ್ತರಿಸುವುದಿಲ್ಲ ಎಂದು ತಿಳಿಸಿ. ತಂತ್ರಜ್ಞರು ಮನೆಗೆ ಬಂದರೆ ಪವರ್ ಮೀಟರ್‌ನಲ್ಲಿ ಬೆಳಕಿನ ಮಟ್ಟ ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳಿ. ಅದು ಮೈನಸ್ ಸಂಖ್ಯೆಯಲ್ಲಿರುತ್ತದೆ: ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳಗಿದ್ದರೆ ಚೆನ್ನ. ಮೈನಸ್ 27 ದಾಟಿ ಮೈನಸ್ 28, 29ರ ಕಡೆಗೆ ಹೋದರೆ ಇವತ್ತು ಬಂದ ನೆಟ್ ನಾಳೆ ಹೋಗುತ್ತದೆ, ತಂತಿಯ ಜೋಡಣೆ ಸರಿಪಡಿಸಿಯೇ ಹೋಗುವಂತೆ ಕೇಳಿಕೊಳ್ಳಿ. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಪಡೆಯದೆ ಫೋನ್ ಇಡಬೇಡಿ. ಮುಂದೆ ಮೇಲ್ಮನವಿ ಸಲ್ಲಿಸಬೇಕಾದರೆ ಆ ಸಂಖ್ಯೆಯನ್ನೇ ಕೇಳುತ್ತಾರೆ.